ತೋಟಕ್ಕೆ ಬಿದ್ದ ಡ್ರೋನ್ ಮತ್ತು ತೂಕದ ಪಟ್ಟಿ

2019ರ ಸೆಪ್ಟೆಂಬರ್ 17ರ ಬೆಳಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟಕ್ಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಬಿತ್ತು. ಅದೇ ಬಗೆಯ ಇನ್ನೊಂದು, ಅಷ್ಟೊತ್ತಿಗೆ ತಪಸ್ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದದ್ದು, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ಬಿದ್ದು ಚೂರಾಯಿತು. ಎರಡೂ ಸಲ ಮೊಬೈಲುಗಳಲ್ಲಿ ಹರಿದಾಡಿದ್ದು ಒಂದೇ ಬಗೆಯ ಚಿತ್ರ: ಮುರಿದ ರೆಕ್ಕೆ, ಚೆಲ್ಲಾಪಿಲ್ಲಿಯಾದ ಬಿಡಿಭಾಗ, ಸುತ್ತ ನಿಂತ ಊರವರು. 2024ರ ಜನವರಿಯಲ್ಲಿ ತಪಸ್ ಅನ್ನು ಗಡುವಿನೊಳಗೆ ಮುಗಿಸಬೇಕಾದ ‘ಮಿಷನ್ ಮೋಡ್’ ಯೋಜನೆಗಳ ಸಾಲಿನಿಂದ ಕೈಬಿಟ್ಟ ಸುದ್ದಿ ಬಂದಾಗ ಅನೇಕರು ಎರಡನ್ನೂ ಗಂಟು ಹಾಕಿದರು. ಬಿತ್ತು, ಅದಕ್ಕೇ ನಿಲ್ಲಿಸಿದರು ಎಂದು.

ಈ ಗಂಟು ಸರಿಯಲ್ಲ. ಪರೀಕ್ಷೆಯಲ್ಲಿ ಆಯುಧ ಬೀಳುವುದು ಒಂದು, ಸೋಲುವುದು ಇನ್ನೊಂದು. ಹತ್ತು ಸಲ ಬಿದ್ದೂ ಗೆದ್ದವಿವೆ, ಒಂದು ಸಲವೂ ಬೀಳದೆ ಸೋತವಿವೆ. ತಪಸ್ ಸೋತದ್ದು ಅಡಿಕೆ ತೋಟದಲ್ಲಲ್ಲ, ಅದಕ್ಕೂ ವರ್ಷಗಳ ಮುಂಚೆ ಬೆಂಗಳೂರಿನಲ್ಲಿ ತೂಕದ ಪಟ್ಟಿಯ ಮೇಲೆ.

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿರುವ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ತಪಸ್‌ನ ಮೊದಲ ಹಾರಾಟ ಅದಕ್ಕೂ ಮುಂಚೆಯೇ, 2016ರ ನವೆಂಬರ್‌ನಲ್ಲಿ, ಇಲ್ಲಿಂದಲೇ ನಡೆದಿತ್ತು. ಮಳೆ ಕಡಿಮೆ, ನೆಲ ಸಮತಟ್ಟು, ಊರುಗಳು ದೂರ ದೂರ, ವರ್ಷದ ಬಹುಪಾಲು ಆಕಾಶ ತಿಳಿ. ಪೈಲಟ್ ಇಲ್ಲದ ವಿಮಾನವನ್ನು ಬೀಳುವ ಸಾಧ್ಯತೆ ಲೆಕ್ಕ ಹಾಕಿಯೇ ಹಾರಿಸಬೇಕಾಗುತ್ತದೆ, ಅದಕ್ಕೆ ಇಂಥ ಜಾಗವೇ ಬೇಕು. ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು 2023 ಮತ್ತು 2024ರಲ್ಲಿ ಮೂರು ಸಲ ಇದೇ ರನ್‌ವೇಗೆ ಇಳಿಸಿತು. ಬಾಲವಿಲ್ಲದ ಸ್ವಿಫ್ಟ್ ಎಂಬ ಪುಟ್ಟ ವಿಮಾನ 2022ರ ಜುಲೈ 1ರಂದು ಮೊದಲು ಹಾರಿದ್ದೂ ಇಲ್ಲೇ. (ಅಮೃತ ಮಹಲ್ ಕಾವಲಿನ ಹುಲ್ಲು, ಅಲ್ಲಿ ಕುರಿ-ದನ ಮೇಯಿಸುತ್ತಿದ್ದವರ ಪಾಡು ಬೇರೆಯದೇ ವಿಷಯ, ಅದನ್ನು ಅಡಿಟಿಪ್ಪಣಿಯಂತೆ ಮುಗಿಸುವುದು ನ್ಯಾಯವಲ್ಲ.)

ತಪಸ್‌ಗೆ 2011ರಲ್ಲಿ ಮಂಜೂರಾತಿ ಸಿಕ್ಕಾಗ ಮೂರೂ ಪಡೆಗಳ ಬೇಡಿಕೆ ಸ್ಪಷ್ಟವಾಗಿತ್ತು: 30,000 ಅಡಿ ಎತ್ತರ, 24 ಗಂಟೆ ಹಾರಾಟ, 350 ಕಿ.ಗ್ರಾಂ ಕ್ಯಾಮೆರಾ-ರಾಡಾರ್ ಹೊರುವ ಶಕ್ತಿ. ಕೊನೆಗೆ ಮುಟ್ಟಿದ್ದು ಸುಮಾರು 28,000 ಅಡಿ, 18 ಗಂಟೆ. ಹತ್ತಿರ ಬಂದಿದೆಯಲ್ಲ, ಇನ್ನೊಂದು ಸ್ವಲ್ಪ ತಿದ್ದಿದರೆ ಆಗುತ್ತಿತ್ತು ಎನಿಸಬಹುದು. ಆಗುತ್ತಿರಲಿಲ್ಲ, ಕಾರಣ ತೂಕ. 1,800 ಕಿ.ಗ್ರಾಂ ಆಸುಪಾಸಿನಲ್ಲಿ ಇರಬೇಕಿದ್ದ ವಿಮಾನ ಕೊನೆಕೊನೆಗೆ 2,850 ಕಿ.ಗ್ರಾಂ ತೂಗುತ್ತಿತ್ತೆಂದು ಪತ್ರಿಕೆಗಳು ಬರೆದವು.

ಈ ಎರಡು ಅಂಕಿ ಕೈಯಲ್ಲಿದ್ದರೆ ಉಳಿದದ್ದನ್ನು ಪೆನ್ಸಿಲ್ ಹಿಡಿದು ನೋಡಬಹುದು. ರೆಕ್ಕೆ ಅದೇ, ಎತ್ತರ ಅದೇ ಇದ್ದರೆ ಪ್ರೊಪೆಲ್ಲರ್ ವಿಮಾನವೊಂದು ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ತೂಕದಷ್ಟೇ ಏರುವುದಿಲ್ಲ, ತೂಕದ ಒಂದೂವರೆ ಘಾತದಲ್ಲಿ, ಅಂದರೆ ತೂಕವನ್ನು ಅದರ ವರ್ಗಮೂಲದಿಂದ ಗುಣಿಸಿದ ಲೆಕ್ಕದಲ್ಲಿ, ಏರುತ್ತದೆ. ಭಾರ ಹೆಚ್ಚಾದಂತೆ ವೇಗವನ್ನೂ ಹೆಚ್ಚಿಸಬೇಕು, ಗಾಳಿಯ ಎಳೆತವೂ ಜೊತೆಗೆ ಹೆಚ್ಚುತ್ತದೆ, ಹಾಗಾಗಿ. 2,850ನ್ನು 1,800ರಿಂದ ಭಾಗಿಸಿದರೆ 1.58. ಅದರ ವರ್ಗಮೂಲ 1.26. ಎರಡನ್ನೂ ಗುಣಿಸಿದರೆ 1.99. ಅಂದರೆ ತೂಕ ಒಂದೂವರೆ ಪಟ್ಟು ದಾಟಿದ್ದಕ್ಕೆ ಬೇಕಾದ ಶಕ್ತಿ ಎರಡು ಪಟ್ಟಾಯಿತು. ಅದೇ ಟ್ಯಾಂಕಿನ ಇಂಧನ ಹೆಚ್ಚುಕಡಿಮೆ ಅರ್ಧ ಹೊತ್ತಿಗೆ ಮುಗಿಯುತ್ತದೆ. ಇಂಧನ ಹೆಚ್ಚಿಸೋಣ ಎಂದರೆ ಟ್ಯಾಂಕು ದೊಡ್ಡದಾಗಬೇಕು, ಟ್ಯಾಂಕು ಹೊರಲು ರೆಕ್ಕೆ ಗಟ್ಟಿಯಾಗಬೇಕು, ಗಟ್ಟಿ ರೆಕ್ಕೆ ಮತ್ತೆ ತೂಕ. ಇದರ ಮೇಲೆ ಎತ್ತರದ ಹೊಡೆತ ಬೇರೆ: 30,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 37ರಷ್ಟು ಮಾತ್ರ. ಅಲ್ಲಿ ನಿಲ್ಲಲು ಕೆಳಗಿನದರ ಸುಮಾರು 1.6 ಪಟ್ಟು ಶಕ್ತಿ ಬೇಕು, ಎಂಜಿನ್ ಮಾತ್ರ ಅದೇ ಎತ್ತರದಲ್ಲಿ ಉಸಿರು ಕಟ್ಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. 2018ರ ಫೆಬ್ರುವರಿಯಲ್ಲಿ ಹೆಚ್ಚು ಶಕ್ತಿಯ ಎಂಜಿನ್ ಹಾಕಿ ಹಾರಿಸಿದ್ದು ಈ ಒತ್ತಡದಿಂದಲೇ.

ತೂಕ ಏರುವುದು ಒಂದೇ ದಿನ ಅಲ್ಲ. ಆಂಟೆನಾಗೆ ಒಂದು ಹೆಚ್ಚುವರಿ ಬ್ರಾಕೆಟ್, ಬಿಸಿಯಾಗುವ ಪೆಟ್ಟಿಗೆಗೊಂದು ಫ್ಯಾನ್, ಎರಡು ಮೀಟರ್ ಹೆಚ್ಚು ಕೇಬಲ್, ತರಿಸಿದ ಕ್ಯಾಮೆರಾ ಕಾಗದದಲ್ಲಿ ಬರೆದದ್ದಕ್ಕಿಂತ ಮೂರು ಕಿಲೋ ಜಾಸ್ತಿ. ಹನಿಗೂಡಿ ಹಳ್ಳವಾಗುವುದು ಹೀಗೆಯೇ. ವಿಮಾನ ಕಟ್ಟುವ ತಂಡದಲ್ಲಿ ತೂಕದ ಲೆಕ್ಕ ಹಿಡಿಯುವವನಿಗೆ ‘ಇಲ್ಲ’ ಎನ್ನುವ ಅಧಿಕಾರ ಇರಬೇಕು. ಅದಿಲ್ಲದ ಕಡೆ ಪಟ್ಟಿ ತಾನಾಗಿ ಬೆಳೆಯುತ್ತದೆ.

ಬೀಳುವುದಕ್ಕೂ ಸೋಲುವುದಕ್ಕೂ ಸಂಬಂಧ ಎಷ್ಟು ಸಡಿಲ ಎಂಬುದಕ್ಕೆ ತಪಸ್‌ನ ದಿನಚರಿಯೇ ಸಾಕ್ಷಿ. ಹಿರಿಯೂರಿನ ಹೊಲಕ್ಕೆ ಬೀಳುವ ಎರಡು ತಿಂಗಳ ಮೊದಲು, 2023ರ ಜೂನ್ 16ರಂದು, ಅದು ಚಳ್ಳಕೆರೆಯಿಂದ ಬೆಳಗ್ಗೆ 7.35ಕ್ಕೆ ಮೇಲೆದ್ದು, 20,000 ಅಡಿಯಲ್ಲಿ ಪಶ್ಚಿಮ ಘಟ್ಟ ದಾಟಿ, ಕಾರವಾರದಿಂದ 148 ಕಿ.ಮೀ. ಆಚೆ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನ ಕೈಗೆ ತನ್ನ ನಿಯಂತ್ರಣ ಒಪ್ಪಿಸಿ, 40 ನಿಮಿಷ ಹಡಗಿನ ಮಾತು ಕೇಳಿ, ವಾಪಸು ಬಂದು ಇಳಿದಿತ್ತು. ಅಪ್ಪಟ ಯಶಸ್ಸು ಅದು. ಆದರೂ 24 ಗಂಟೆಯ ಬೇಡಿಕೆಗೆ ಅದರಿಂದ ಒಂದು ನಿಮಿಷವೂ ಕೂಡಲಿಲ್ಲ.

ಇನ್ನು ನಿಜವಾಗಿ ಪರೀಕ್ಷಾ ಮೈದಾನದಲ್ಲೇ ಮಾನ ಕಳೆದುಕೊಂಡ ಆಯುಧಗಳ ಕಡೆ ಬರೋಣ. ಆ ಪೈಕಿ ಪಂಜ್ಯಾಂಡ್ರಂಗೆ ಸಾಟಿ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಕರಾವಳಿಗೆ ಜರ್ಮನರು ಕಟ್ಟಿದ ಕಾಂಕ್ರೀಟ್ ಗೋಡೆ ಒಡೆಯಲು ಬ್ರಿಟಿಷ್ ನೌಕಾಪಡೆಯ ವಿಚಿತ್ರ ಆಯುಧಗಳ ವಿಭಾಗ ಹೂಡಿದ ಉಪಾಯ ಇದು. ಗುರಿ 10 ಅಡಿ ಎತ್ತರ, 7 ಅಡಿ ದಪ್ಪದ ಗೋಡೆ. ಅದಕ್ಕೆ ಟನ್‌ಗಟ್ಟಲೆ ಸ್ಫೋಟಕ ಬೇಕು, ಅದನ್ನು ಗೋಡೆಯ ಬುಡಕ್ಕೆ ಒಯ್ಯುವ ಸೈನಿಕ ಬದುಕಿರುವುದಿಲ್ಲ. ಆದ್ದರಿಂದ 10 ಅಡಿ ವ್ಯಾಸದ ಎರಡು ಚಕ್ರ, ನಡುವೆ ಸುಮಾರು 1,800 ಕಿ.ಗ್ರಾಂ ಸ್ಫೋಟಕ ತುಂಬುವ ಪೀಪಾಯಿ, ಚಕ್ರದ ಅಂಚಿಗೆ ಸುತ್ತಲೂ ಕಾರ್ಡೈಟ್ ಎಂಬ ಮದ್ದು ತುಂಬಿದ ರಾಕೆಟ್. ರಾಕೆಟ್ ಹೊತ್ತಿದರೆ ನೆಲಚಕ್ರದ ಹಾಗೆ ಗಾಲಿ ತಿರುಗಿ, ಗಂಟೆಗೆ 60 ಮೈಲಿ ವೇಗದಲ್ಲಿ ಹಡಗಿನಿಂದ ಮರಳಿಗೆ, ಮರಳಿನಿಂದ ಗೋಡೆಗೆ. ಕಾಗದದ ಮೇಲೆ ಚೆಂದವಾಗಿಯೇ ಇದೆ.

1943ರ ಸೆಪ್ಟೆಂಬರ್ 7ರಂದು ಡೆವನ್ ತೀರದ ವೆಸ್ಟ್‌ವರ್ಡ್ ಹೋ ಎಂಬಲ್ಲಿ ಮೊದಲ ಓಟ. ಸ್ಫೋಟಕದ ಬದಲು ಮರಳು ತುಂಬಿದ್ದರು, ರಾಕೆಟ್ 18. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಕಡೆಯ ರಾಕೆಟ್ ಕಳಚಿ, ಗಾಡಿ ವಾಲಿಕೊಂಡು ಅಡ್ಡದಾರಿ ಹಿಡಿಯಿತು. ರಾಕೆಟ್ 70 ದಾಟಿಸಿದರು, ಆಗಲಿಲ್ಲ. ಮಧ್ಯೆ ಮೂರನೇ ಚಕ್ರ ಹಾಕಿದರು, ಆಗಲಿಲ್ಲ. ಎರಡೂ ಬದಿಗೆ ಉಕ್ಕಿನ ಹಗ್ಗ ಕಟ್ಟಿ ಎಳೆದು ದಾರಿ ತೋರಿಸಲು ನೋಡಿದರು, ಹಗ್ಗ ಹರಿದು ಚಾಟಿಯಾಯಿತು. 1944ರ ಜನವರಿಯಲ್ಲಿ ಅಧಿಕಾರಿಗಳ ಮುಂದೆ ನಡೆದ ಕೊನೆಯ ಪ್ರದರ್ಶನದಲ್ಲಿ ಕಿತ್ತುಬಂದ ರಾಕೆಟ್‌ಗಳು ಮರಳಿನ ಮೇಲೆ ಹಾರಾಡಿ, ಗಾಡಿ ಛಾಯಾಗ್ರಾಹಕನ ಕಡೆ ನುಗ್ಗಿ, ನೋಡಲು ಬಂದವರು ಓಡಿ ಜೀವ ಉಳಿಸಿಕೊಂಡರು. ಯೋಜನೆ ಅಲ್ಲಿಗೆ ಮುಗಿಯಿತು.

ಏಕೆ ಹೀಗಾಯಿತು? ನಾಯಕನಹಟ್ಟಿ ತೇರು ಎಳೆದವರಿಗೆ ಅರ್ಧ ಉತ್ತರ ಗೊತ್ತು. ಒಂದು ಮಿಣಿ ಹಿಡಿದವರು ಜೋರಾಗಿ ಎಳೆದು ಇನ್ನೊಂದು ಮಿಣಿಯವರು ಸಡಿಲ ಬಿಟ್ಟರೆ ತೇರು ತಿರುಗಿಕೊಳ್ಳುತ್ತದೆ. ಅದನ್ನು ತಡೆಯಲು ಗಾಲಿಯ ಬುಡದಲ್ಲಿ ಮರದ ತುಂಡು ಹಿಡಿದು ಕ್ಷಣಕ್ಷಣಕ್ಕೂ ತಿದ್ದುವವರು ಇರುತ್ತಾರೆ. ಪಂಜ್ಯಾಂಡ್ರಂಗೆ ಆ ಜನ ಇಲ್ಲ. ಕಾರ್ಡೈಟ್ ರಾಕೆಟ್‌ಗಳು ಯಾವಾಗಲೂ ಒಂದೇ ಕ್ಷಣಕ್ಕೆ, ಒಂದೇ ಬಲದಲ್ಲಿ ಉರಿಯುವುದಿಲ್ಲ. ಎಡಬಲದಲ್ಲಿ ಒಂದೆರಡು ರಾಕೆಟ್ ವ್ಯತ್ಯಾಸ ಬಂದರೂ ಗಾಡಿ ತಿರುಗುತ್ತದೆ, ತಿರುಗಿದ್ದನ್ನು ತಿದ್ದುವ ಉಪಾಯ ಅದರ ಮೈಯಲ್ಲಿಲ್ಲ. ರಾಕೆಟ್ ಹೆಚ್ಚಿಸಿದ್ದು ವೇಗ ಹೆಚ್ಚಿಸಿತೇ ಹೊರತು ಸಮತೋಲ ಕೊಡಲಿಲ್ಲ.

ಉಳಿದರ್ಧ ಉತ್ತರ ಗಾಲಿಯ ಅಂಚಿನಲ್ಲಿದೆ. ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ ಸುಮಾರು 27 ಮೀಟರ್. ಗಾಲಿಯ ತ್ರಿಜ್ಯ ಒಂದೂವರೆ ಮೀಟರ್. ಅಂಚಿನಲ್ಲಿರುವ ವಸ್ತುವನ್ನು ಹೊರಕ್ಕೆ ಸೆಳೆಯುವ ಬಲ ಅದರ ತೂಕದ 48 ಪಟ್ಟು. ರಾಕೆಟ್ 10 ಕಿಲೋ ಇದ್ದರೆ ಅದನ್ನು ಹಿಡಿದ ಪಟ್ಟಿಗೆ ಅರ್ಧ ಟನ್ ಜಗ್ಗುತ್ತದೆ, ಅದೂ ಗುಂಡುಕಲ್ಲು ಎದುರಾದಾಗೆಲ್ಲ ಕುಲುಕುತ್ತ. ಪಟ್ಟಿ ಕಳಚಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಲೆಕ್ಕ ಮೊದಲ ಓಟಕ್ಕೂ ಮುಂಚೆ ಅರ್ಧ ಗಂಟೆಯಲ್ಲಿ ಆಗುವಂಥದ್ದು, ನಾಲ್ಕು ತಿಂಗಳು ಬೀಚಿನಲ್ಲಿ ಕಳೆಯಬೇಕಿರಲಿಲ್ಲ.

ರಷ್ಯಾದ ತ್ಸಾರ್ ಟ್ಯಾಂಕಿನ ಕಥೆ ಇನ್ನೂ ಚಿಕ್ಕದು. ಮುಂದೆ ಸುಮಾರು 9 ಮೀಟರ್ ಎತ್ತರದ ಎರಡು ಗಾಲಿ, ಹಿಂದೆ ಒಂದೂವರೆ ಮೀಟರಿನ ಪುಟ್ಟ ಉರುಳೆ. ದೊಡ್ಡ ಗಾಲಿ ಯಾವ ಕಂದಕವನ್ನೂ ದಾಟುತ್ತದೆ ಎಂಬ ನಂಬಿಕೆ. 1915ರ ಆಗಸ್ಟ್‌ನಲ್ಲಿ ಮಾಸ್ಕೋದ ಉತ್ತರಕ್ಕಿರುವ ಡ್ಮಿಟ್ರೊವ್ ಬಳಿ ಓಡಿಸಿದಾಗ ಮುಂದಿನ ಗಾಲಿಗಳು ಮರ ಮುರಿದುಕೊಂಡು ಹೋದವು, ಹಿಂದಿನ ಉರುಳೆ ಮೆತ್ತನೆ ನೆಲದಲ್ಲಿ ಹೂತುಕೂತಿತು. ಮಳೆಗಾಲದ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಸಾಗಿದರೂ ಹಿಂದಿನ ಟ್ರೇಲರ್‌ನ ಸಣ್ಣ ಚಕ್ರ ಹೂತು ನಿಲ್ಲುವ ಹಾಗೆ. ನೆಲದ ಮೇಲೆ ಬೀಳುವ ಒತ್ತಡ ಅಳೆಯದೆ ಗಾಲಿಯ ಎತ್ತರ ಮಾತ್ರ ಅಳೆದದ್ದರ ಫಲ. ಎಳೆದು ತೆಗೆಯಲು ಆಗದೆ ಅಲ್ಲೇ ನಿಂತಿದ್ದ ಅದನ್ನು 1923ರಲ್ಲಿ ಗುಜರಿಗೆ ಕತ್ತರಿಸಿದರು.

ಇವೆರಡೂ ಬಿದ್ದೂ ಸೋತವು. ಬೀಳದೆ ಸೋತವು ಹೆಚ್ಚು ಪಾಠ ಹೇಳುತ್ತವೆ.

ಅಮೆರಿಕದ ಬಾವಲಿ ಬಾಂಬನ್ನು ನಗೆಪಾಟಲಿನ ಪಟ್ಟಿಗೆ ಸೇರಿಸುವುದು ರೂಢಿ. ಪೆನ್ಸಿಲ್ವೇನಿಯಾದ ದಂತವೈದ್ಯ ಲೈಟಲ್ ಆಡಮ್ಸ್ 1942ರ ಜನವರಿಯಲ್ಲಿ ಮುಂದಿಟ್ಟ ಯೋಜನೆ: ಬಾವಲಿಯ ಮೈಗೆ ಅಂಟಿಕೊಂಡು ಉರಿಯುವ ನೇಪಾಮ್ 17 ಗ್ರಾಂ ಕಟ್ಟಿ, ಒಂದು ಡಬ್ಬಿಯಲ್ಲಿ 1,040 ಬಾವಲಿ ತುಂಬಿ, ಜಪಾನಿನ ಮರದ ಮನೆಗಳ ಮೇಲೆ ಬಿಡುವುದು. ಅವು ಬೆಳಕು ತಪ್ಪಿಸಿಕೊಂಡು ಸೂರಿನ ಸಂದಿಗೆ ಸೇರುತ್ತವೆ, ಆಮೇಲೆ ಬೆಂಕಿ. ಮೊದಲು ಸಾಗಿಸಲು ಅನುಕೂಲವೆಂದು ಬಾವಲಿಗಳನ್ನು ತಂಪಿನಲ್ಲಿಟ್ಟು ನಿದ್ದೆಗೆ ಹಾಕಿದ್ದರು, ಎಸೆದಾಗ ಎಷ್ಟೋ ಎಚ್ಚರಾಗದೆ ನೆಲಕ್ಕಪ್ಪಳಿಸಿ ಸತ್ತವು. 1943ರ ಮೇ 15ರಂದು ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಬೆಂಕಿ ಕಟ್ಟಿದ ಕೆಲವು ಬಾವಲಿಗಳು ತಪ್ಪಿಸಿಕೊಂಡು ಹೊಸ ವಾಯುನೆಲೆಯ ಕಟ್ಟಡಗಳನ್ನೇ ಸುಟ್ಟವು. ನಗುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆಯುಧದ ದೃಷ್ಟಿಯಿಂದ ನೋಡಿದರೆ ಆ ಬೆಂಕಿಯೇ ಅದರ ಅರ್ಹತಾ ಪತ್ರ. ಮುಂದಿನ ಪರೀಕ್ಷೆಗಳಲ್ಲಿ ಒಂದು ವಿಮಾನದ ಹೊರೆಗೆ ಸಾಮಾನ್ಯ ಬೆಂಕಿ ಬಾಂಬುಗಳಿಗಿಂತ ಹಲವು ಪಟ್ಟು ಹೆಚ್ಚು ಕಡೆ ಬೆಂಕಿ ಹಚ್ಚಬಲ್ಲದೆಂಬ ಅಂದಾಜು ಬಂತು. ಕೊಂದದ್ದು ಕ್ಯಾಲೆಂಡರ್: ಯುದ್ಧಕ್ಕೆ ಸಿದ್ಧವಾಗಲು 1945ರ ಮಧ್ಯಭಾಗ ಬೇಕು ಎಂದಾಗ 1944ರಲ್ಲಿ ನಿಲ್ಲಿಸಿದರು. ಖರ್ಚು ಸುಮಾರು 20 ಲಕ್ಷ ಡಾಲರ್.

ಅದೇ ಯುದ್ಧದಲ್ಲಿ ಉಕ್ಕು ಉಳಿಸಲೆಂದು ಬ್ರಿಟನ್ ಯೋಚಿಸಿದ, ಮಂಜುಗಡ್ಡೆಯ ವಿಮಾನವಾಹಕ ಹಡಗು ಹಬಕ್ಕೂಕ್ ಕೂಡ ಹಾಗೆಯೇ. ಹಸಿ ಇಟ್ಟಿಗೆಯ ಮಣ್ಣಿಗೆ ಹುಲ್ಲು ಕಲಸುವಂತೆ ಮಂಜಿಗೆ ಶೇ 14ರಷ್ಟು ಮರದ ಹೊಟ್ಟು ಸೇರಿಸಿದರೆ ಅದು ಸುಲಭಕ್ಕೆ ಸೀಳುವುದಿಲ್ಲ, ಬೇಗ ಕರಗುವುದೂ ಇಲ್ಲ. ಕೆನಡಾದ ಪ್ಯಾಟ್ರಿಷಿಯಾ ಸರೋವರದಲ್ಲಿ 60 ಅಡಿ ಉದ್ದದ ಮಾದರಿ ಕಟ್ಟಿದರು, ಒಂದು ಅಶ್ವಶಕ್ತಿಯ ಮೋಟಾರು ಅದನ್ನು ತಂಪಾಗಿಟ್ಟಿತು, 1943ರ ಬೇಸಿಗೆಯನ್ನೂ ಅದು ತಡೆಯಿತು. ತೊಡಕು ಕಂಡದ್ದು ಪ್ರಯೋಗಾಲಯದಲ್ಲಿ. ಮಂಜು ಭಾರಕ್ಕೆ ನಿಧಾನವಾಗಿ ಜರುಗುತ್ತದೆ, ಮೈನಸ್ 16 ಡಿಗ್ರಿಗೆ ಇಳಿಸದ ಹೊರತು ಹಡಗು ತನ್ನ ತೂಕಕ್ಕೇ ಕುಸಿಯುತ್ತದೆ. ಅಷ್ಟು ತಂಪಿಗೆ ಹಡಗಿನ ಮೈತುಂಬ ಕೊಳವೆ, ನಿರೋಧಕ ಹೊದಿಕೆ, ಅದಕ್ಕೆಲ್ಲ ಉಕ್ಕು. ಉಕ್ಕು ಉಳಿಸಲು ಹೊರಟ ಹಡಗು ಉಕ್ಕನ್ನೇ ತಿನ್ನತೊಡಗಿತು. ಅಷ್ಟರಲ್ಲಿ ದೂರ ಹಾರುವ ವಿಮಾನಗಳು ಬಂದು ಅದರ ಅಗತ್ಯವೂ ಹೋಯಿತು.

ಇತ್ತೀಚಿನ ಉದಾಹರಣೆಗಳಲ್ಲಿ ಜಂಬೋ ವಿಮಾನದ ಮೂಗಿಗೆ ರಾಸಾಯನಿಕ ಲೇಸರ್ ಕೂರಿಸಿದ ಅಮೆರಿಕದ ವೈಎಎಲ್-1 ಮುಖ್ಯವಾದದ್ದು. 2010ರ ಫೆಬ್ರುವರಿ 11ರಂದು ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಅದು ಮೇಲೇರುತ್ತಿದ್ದ ಕ್ಷಿಪಣಿಯನ್ನು ಬೆಳಕಿನಿಂದಲೇ ಸುಟ್ಟಿತು. ಪರೀಕ್ಷೆ ಪಾಸು. 2011ರ ಕೊನೆಗೆ ಯೋಜನೆ ರದ್ದು, 2014ರಲ್ಲಿ ವಿಮಾನ ಗುಜರಿ, ಸುಮಾರು 500 ಕೋಟಿ ಡಾಲರ್ ಖರ್ಚು. ಆಗಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಕೊಟ್ಟ ಕಾರಣ ನೇರವಾಗಿತ್ತು: ಸುರಕ್ಷಿತ ದೂರದಿಂದ ಹೊಡೆಯಲು ಲೇಸರ್ 20ರಿಂದ 30 ಪಟ್ಟು ಶಕ್ತಿಶಾಲಿ ಆಗಬೇಕು. ಈಗಿನದನ್ನು ಬಳಸಬೇಕಾದರೆ ವಿಮಾನ ಶತ್ರುದೇಶದ ಗಡಿಯೊಳಗೇ ಸುತ್ತುತ್ತಿರಬೇಕು. ಪರೀಕ್ಷೆಯ ದೂರವನ್ನು ಆಯುಧಕ್ಕೆ ಹೊಂದುವಂತೆ ಆರಿಸಿದ್ದರು, ಯುದ್ಧದ ದೂರ ಹಾಗೆ ಹೊಂದಿಕೊಳ್ಳುವುದಿಲ್ಲ.

ವಿದ್ಯುತ್ ಫಿರಂಗಿ ಅಥವಾ ರೈಲ್‌ಗನ್ ಇದೇ ಸಾಲಿನದು. ಎರಡು ಲೋಹದ ಹಳಿ, ನಡುವೆ ಗುಂಡು, ಹಳಿಗಳಲ್ಲಿ ಲಕ್ಷಗಟ್ಟಲೆ ಆಂಪಿಯರ್. 2010ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ಡಾಲ್‌ಗ್ರೆನ್‌ನಲ್ಲಿ 33 ಮೆಗಾಜೂಲ್ ಹೊಡೆತ ದಾಖಲಾಯಿತು. 33 ಮೆಗಾಜೂಲ್ ಎಂದರೆ ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಬರೀ 9 ಯೂನಿಟ್. ಕಷ್ಟ ಇರುವುದು ಆ 9 ಯೂನಿಟ್ಟನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಸುರಿಯುವುದರಲ್ಲಿ. ಆ ಕ್ಷಣಕ್ಕೆ ಅದು 3,300 ಮೆಗಾವಾಟ್, ರಾಯಚೂರು ಉಷ್ಣ ಸ್ಥಾವರದ 1,720 ಮೆಗಾವಾಟ್‌ನ ಹೆಚ್ಚುಕಡಿಮೆ ಎರಡು ಪಟ್ಟು. ಹಳಿ ಕಾದು, ಕಿಡಿ ಹಾರಿ, ಸವೆದುಹೋಗುತ್ತದೆ. ಒಂದು ಹೊಡೆತದ ದಾಖಲೆ ಬರೆಯಬಹುದು, ಅದೇ ಕೊಳವೆಯಲ್ಲಿ ಸಾವಿರ ಹೊಡೆತ ಹೊಡೆಯುವುದು ಬೇರೆ ಕೆಲಸ. 2021ರಲ್ಲಿ ಅಮೆರಿಕದ ನೌಕಾಪಡೆ ಕೈಬಿಟ್ಟಿತು. ಜಪಾನ್ 2023ರಲ್ಲಿ ಹಡಗಿನ ಮೇಲಿಂದ ಚಿಕ್ಕದೊಂದನ್ನು ಹಾರಿಸಿ ಅದೇ ಸವೆತದ ಜೊತೆ ಗುದ್ದಾಡುತ್ತಿದೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ತಪಸ್ ಕಟ್ಟಿದ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯೇ ನಿರ್ಭಯ್ ಕ್ರೂಸ್ ಕ್ಷಿಪಣಿಯನ್ನೂ ಕಟ್ಟಿತು. 2013ರ ಮಾರ್ಚ್‌ನಲ್ಲಿ ಅದು ದಾರಿ ತಪ್ಪಿತು, 2014ರಲ್ಲಿ ಸರಿಯಾಗಿ ಹಾರಿತು, 2015ರಲ್ಲಿ ಬಿತ್ತು, 2016ರ ಡಿಸೆಂಬರ್‌ನಲ್ಲಿ ಮತ್ತೆ ಬಿತ್ತು, 2017ರ ನವೆಂಬರ್‌ನಲ್ಲಿ ಗುರಿ ಮುಟ್ಟಿತು, 2020ರಲ್ಲಿ ಹಾರಿದ ಕೆಲವೇ ನಿಮಿಷಕ್ಕೆ ನಿಲ್ಲಿಸಬೇಕಾಯಿತು. ಬಿದ್ದ ಲೆಕ್ಕ ತೆಗೆದರೆ ತಪಸ್‌ಗಿಂತ ಕಳಪೆ. ಆದರೂ ಅದರ ಬಳಗದ ಮುಂದಿನ ಕ್ಷಿಪಣಿ 2024ರ ನವೆಂಬರ್‌ನಲ್ಲಿ ಒಡಿಶಾದ ಚಾಂದಿಪುರದಿಂದ ಹಾರಿತು. ಕ್ಷಿಪಣಿಯಲ್ಲಿ ಕೈಕೊಟ್ಟ ಭಾಗವನ್ನು ಹುಡುಕಿ ಬದಲಿಸಬಹುದು, ಇಡೀ ವಿನ್ಯಾಸದ ತೂಕದಲ್ಲಿ ಸೇರಿಕೊಂಡ ತಪ್ಪನ್ನು ಹಾಗೆ ಬಿಚ್ಚಿ ಹಾಕಲಾಗದು. ತಪಸ್‌ನ ಹಿರಿಯಣ್ಣ ರುಸ್ತುಂ-1 ಕೂಡ 2009ರ ನವೆಂಬರ್‌ನಲ್ಲಿ ಹೊಸೂರಿನಲ್ಲಿ ಮೊದಲ ಹಾರಾಟದಲ್ಲೇ ಬಿದ್ದಿತ್ತು. ಎತ್ತರ ತಪ್ಪಾಗಿ ಅಂದಾಜಿಸಿ ನೆಲದಿಂದಲೇ ಎಂಜಿನ್ ಆರಿಸಿಬಿಟ್ಟಿದ್ದರು. ಮನುಷ್ಯನ ತಪ್ಪು, ತಿದ್ದಿದರು, 2010ರ ಅಕ್ಟೋಬರ್‌ನಲ್ಲಿ ಹಾರಿತು.

ಆದ್ದರಿಂದ ಚಳ್ಳಕೆರೆ ಸುತ್ತ ಮುಂದೆ ಏನಾದರೂ ಬಿದ್ದಾಗ ಕೇಳಬೇಕಾದ ಪ್ರಶ್ನೆ ‘ಏಕೆ ಬಿತ್ತು’ ಎಂಬುದಷ್ಟೇ ಅಲ್ಲ. ಬೇಡಿಕೆಯ ಎತ್ತರ ಎಷ್ಟು, ಮುಟ್ಟಿದ್ದೆಷ್ಟು? ಮಂಜೂರಾದ ದಿನದ ತೂಕ ಎಷ್ಟು, ಇಂದಿನದೆಷ್ಟು? ಎಂಜಿನ್ ಯಾರದು, ನಡುವೆ ಎಷ್ಟು ಸಲ ಬದಲಾಯಿತು? ತಪಸ್ ಖಾಲಿ ಬಿಟ್ಟ ಜಾಗಕ್ಕೆ 2024ರ ಅಕ್ಟೋಬರ್‌ನಲ್ಲಿ 31 ಎಂಕ್ಯೂ-9ಬಿ ಡ್ರೋನ್‌ಗಳನ್ನು ಅಮೆರಿಕದಿಂದ ಕೊಳ್ಳುವ ಒಪ್ಪಂದವಾಯಿತು. ಆ ಮೂರು ಪ್ರಶ್ನೆಗಳ ಬೆಲೆ ಎಷ್ಟೆಂದು ಅಲ್ಲಿ ಕಾಣುತ್ತದೆ.

ಊರವರಿಗೆ ಸಂಬಂಧಿಸಿದ ಒಂದು ಮಾತು ಬಾಕಿ ಇದೆ. ಈ ವಿಮಾನಗಳ ಮೈ ಬಹುಪಾಲು ಕಾರ್ಬನ್ ನಾರು ಮತ್ತು ಅಂಟಿನದು. ಅದು ಸುಟ್ಟಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಯಂಥ ಎಳೆಗಳು ಗಾಳಿಗೆ ಸೇರುತ್ತವೆ, ಚರ್ಮಕ್ಕೆ ಚುಚ್ಚಿದರೆ ಕೆರೆತ, ಉಸಿರಿಗೆ ಹೋದರೆ ಎದೆಗೆ ಕೇಡು. ಲೀಥಿಯಂ ಬ್ಯಾಟರಿ ಆರಿದಂತೆ ಕಂಡು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ಹೊಗೆ ಹೋಗುವ ದಿಕ್ಕಿನಲ್ಲಿ ನಿಲ್ಲಬಾರದು, ಗಾಳಿ ಬರುವ ಕಡೆ, ದೂರ ನಿಲ್ಲಬೇಕು, ದನಕರುಗಳನ್ನೂ ಆಚೆ ಹೊಡೆಯಬೇಕು. ಇನ್ನೊಂದು, ತನಿಖೆಗೆ ಬರುವವರು ತುಂಡುಗಳನ್ನು ಎತ್ತುವ ಮೊದಲು ಯಾವುದು ಎಲ್ಲಿ ಬಿದ್ದಿದೆ ಎಂದು ನಕ್ಷೆ ಮಾಡುತ್ತಾರೆ. ಬಾಲದ ತುಂಡು ಉಳಿದ ರಾಶಿಯಿಂದ ಅರ್ಧ ಕಿ.ಮೀ. ಹಿಂದೆ ಸಿಕ್ಕಿದರೆ ಅದು ಆಕಾಶದಲ್ಲೇ ಮುರಿಯಿತು ಎಂದರ್ಥ, ಎಲ್ಲ ಒಂದೇ ಗುಂಡಿಯಲ್ಲಿದ್ದರೆ ನೆಲಕ್ಕೆ ಬಡಿಯುವವರೆಗೂ ಇಡಿಯಾಗಿತ್ತು ಎಂದರ್ಥ. ನೆನಪಿಗಿರಲಿ ಎಂದು ಯಾರೋ ಮನೆಗೊಯ್ದ ಅಂಗೈಯಗಲದ ತುಂಡು ಆ ನಕ್ಷೆಯಲ್ಲಿ ಒಂದು ಚುಕ್ಕೆ ಕಮ್ಮಿ ಮಾಡುತ್ತದೆ.